ರಾಮವ್ವ ಹೊಲಿದ ಉಡಿ

ಅಡಗಿ ಮಾಡುವಾಗ ಸೀರಿ ಮ್ಯಾಲ ಕಟ್ಕೊಳ್ಳೂ ಬಟ್ಟಿಗೆ ಸಿಂದಗಿ ಪ್ಯಾಟ್ಯಾಗ ಎಪ್ರಾನ ಅಂತಾರ. ಅನ್ಲಿ, ಯಾರ ಬ್ಯಾಡ ಅಂದಾರ? ಅದನ್ನ ಹೊಲಿಯೂ ರಾಮವ್ವ ಮಾತ್ರ ಉಡಿ ಅಂತಾಳ. ಸಾಲ್ಯಾಗ ಬಿಸಿಯೂಟದ ಅಡಗಿ ಮಾಡಾಕಿ ಯಾರರ ಬಂದು, "ರಾಮವ್ವಕ್ಕಾ, ಒಂದೆರಡು ಎಪ್ರಾನ ಹೊಲದು ಕೊಡಬೇ" ಅಂದ್ಲೋ, "ಉಡಿ ಅನ್ನು, ಹೊಲದು ಕೊಡ್ತೇನಿ" ಅಂತಾಳ. ಬಾಯಿಲೆ ಹಂಗ ಅನ್ನಿಸೇ ಅಳತಿ ಟೇಪು ಕೈಯಾಗ ಹಿಡಿಯೂದು. ಭಾಳ ಹಟದ ಹೆಣ್ಣಮಗಳು. ಬಸ್‌ಸ್ಟ್ಯಾಂಡ್ ಹಿಂದಿನ ಓಣ್ಯಾಗ ತಗಡಿನ ಒಂದು ಖೋಲಿ, ಅದರಾಗ ಒಂದು ಹೊಲಿಗಿ ಮಶಿನ್ನು, ಮಶಿನ್ನಿನ ಬಗಲಾಗ ಹಳೇ ಸೀರಿ ಗಂಟು. ಇಷ್ಟ ಆಕಿ ಅಂಗಡಿ, ಇಷ್ಟ ಆಕಿ ಮನಿ.

ಆಕಿ ಹೊಲಿಯೂ ನಮೂನಿ ಹೊಸಾದೇನಲ್ಲ. ಹಿಂದಕ ಆಕಿ ಗಂಡನ ಊರು ಕನ್ನೊಳ್ಳಿ ಕಡೆ ಹೆಣ್ಣಮಕ್ಕಳು ಹತ್ತಿ ಬಿಡಿಸಾಕ ಹೋಗುವಾಗ ಹಳೇ ಸೀರಿ ಹರದು ನಡಕ್ಕ ಕಟ್ಕೊಂತಿದ್ರು. ಎರಡು ಮೂಲಿ ಹೆಗಲ ಮ್ಯಾಲ ತಂದು ಬೆನ್ನಿಗೆ ಗಂಟ ಹಾಕಿ, ಹೊಟ್ಟಿ ಮುಂದ ದೊಡ್ಡದೊಂದು ಚೀಲ ಮಾಡ್ಕೊಂಡು, ಬಿಡಿಸಿದ ಹತ್ತಿ ಅದರಾಗ ತುಂಬ್ತಿದ್ರು. ರಾಮವ್ವನ ಅತ್ತಿ ಅಂಥಾ ಉಡಿ ಕಟ್ಟೂದ್ರಾಗ ಸುತ್ತಿನ ಹಳ್ಯಾಗೆಲ್ಲಾ ಹೆಸರಾದಾಕಿ. ಹೊತ್ತು ಮುಳುಗೂತನಾ ಬಗ್ಗಿ ಬಗ್ಗಿ ಎದ್ರೂ ಆಕಿ ಹಾಕಿದ ಗಂಟು ಸಡ್ಲ ಆಗ್ತಿರಲಿಲ್ಲ. ಆ ಕಟ್ಟನ್ನ ರಾಮವ್ವ ಹೊಲಿಗ್ಯಾಗ ತಂದಾಳ. ಬೆನ್ನ ಮ್ಯಾಲ ಒಂದನ್ನೊಂದು ಹಾಯೂ ಎರಡು ಪಟ್ಟಿ, ಹೊಟ್ಟಿ ಮುಂದ ಅಗಲಾನ ಚೀಲ, ಚೀಲದ ಬಾಯಿಗೆ ಹಳೇ ಇಳಕಲ್ಲ ಸೀರಿ ದಡಿ, ಒಳಗ ಧೋತರದ ಅಸ್ತರ. ಯಾರರ ನೈಲಾನ್ ಬಟ್ಟಿ ತಂದ್ರೋ ಮುಗೀತು, "ಒಲಿ ಮುಂದ ನಿಂದ್ರಾಕಿಗೆ ಇದನ್ನ ತೊಡಸ್ತೀ? ಒಯ್ಯಿ ನಿನ್ನ ಬೂದಿ" ಅಂತ ಗಂಟು ಹೊರಗ ಒಗಿತಾಳ. ಸ್ಟೀಲ್ ಭಾಂಡೆ ಕೊಟ್ಟು ಹಳೇ ಸೀರಿ ತಗೊಳ್ಳಾಕಿ ಇಂಡಿ, ಮುದ್ದೇಬಿಹಾಳ ಎಲ್ಲಾ ತಿರುಗಿ ಬಂದಮ್ಯಾಲ ಮದಲ ಗಂಟು ಬಿಚ್ಚೂದು ರಾಮವ್ವನ ಮುಂದನ.

ಇನ್ನ ಆಕಿದೊಂದು ರೂಢಿ ಐತಿ. ಹೊಲದ ಉಡಿಯನ್ನ ಬರಿದು ಕೊಡೂದಿಲ್ಲ. ಚೀಲದಾಗ ಒಂದು ಹಿಡಿ ಜ್ವಾಳ, ಒಂದು ತುಣುಕು ಬೆಲ್ಲ ಹಾಕೇ ಕೊಡೂದು. ಹೆಣ್ಣಮಗಳ ಕೈಯಾಗ ಬರಿದಾದ ಉಡಿ ಕೊಡಬ್ಯಾಡ ಅಂತ ಅತ್ತಿ ಹೇಳಿದ್ದಳಂತ. ಕಾಲೇಜಿನ ಮೇಡಮ್ಮರು ಯಾರೋ, "ಏನ್ರಿ ಇದು, ಇರುವಿ ಹತ್ತತಾವ" ಅಂದಾಗ ರಾಮವ್ವ, "ಇರುವೀನೂ ತಿನ್ಲಿ ಬಿಡ್ರಿ, ಅವಕ್ಕೂ ಹೊಟ್ಟಿ ಐತಿ" ಅಂದಿದ್ಲು.

ಆದ್ರ ಒಂದು ಮಾತು. ಜ್ವಾಳ ಬೆಲ್ಲ ಹಾಕೂದು ಬ್ಯಾರೆ, ಉಡಿ ತುಂಬೂದು ಬ್ಯಾರೆ. ಅಕ್ಕಿ, ಅರಿಷಿಣ ಬೇರು, ಕೊಬ್ಬರಿ ಬಟ್ಟಲ, ಉತ್ತತ್ತಿ, ಅಡಕಿ, ಇವು ಮುತ್ತೈದ್ಯಾರ ಉಡಿಗೆ ಮುತ್ತೈದ್ಯಾರ ಕೈಯಿಂದ ಬೀಳೂವಂಥಾವು. ಗಂಡ ಸತ್ತಾಕಿಗೆ ಯಾರೂ ತುಂಬೂದಿಲ್ಲ, ಗಂಡ ಸತ್ತಾಕಿ ಯಾರಿಗೂ ತುಂಬೂಹಂಗಿಲ್ಲ. ರಾಮವ್ವನ ಗಂಡ ಸಿದ್ದರಾಯ ಕುರಿ ಕಾಯಾಕ ಹ್ವಾದಂವ ಯಂಕಂಚಿ ಹೊಲದಾಗ ಸಿಡಿಲು ಬಡದು ಸತ್ತ. ಆವಾಗ ಮಗಳು ಸುಜಾತಾ ಇನ್ನೂ ಅಂಬೆಗಾಲಿಡೂ ಕೂಸು. ಅಲ್ಲಿಂದ ಇಲ್ಲೀತನಾ ರಾಮವ್ವ ಮಾಡದ ಜಗಳ ಇಲ್ಲ. ಮೈದುನರ ಕೂಡ ಹೊಲಕ್ಕ ಜಗಳ, ಓಣಿಯಾವರ ಕೂಡ ನೀರಿಗೆ ಜಗಳ, ಕಂಡಕ್ಟರ್ ಕೂಡ ಚಿಲ್ಲರಕ್ಕ ಜಗಳ. ಉಡಿ ವಿಷಯಕ್ಕ ಮಾತ್ರ ಯಾರ ಕೂಡಾನೂ ಒಂದು ಮಾತು ತಗೀಲಿಲ್ಲ. ಯಾರೂ ಹೇಳೂಕಿಂತ ಮದಲ ತಾನ ಹಿಂದಕ ಸರದು ನಿಂದ್ರತಿದ್ಲು. ತನ್ನ ಕೈ ಕೆಟ್ಟದ್ದು ಅಂತ ಆಕಿ ಖರೇನ ನಂಬಿದ್ಲು.

ಸುಜಾತಾನ್ನ ಕೊಲ್ಹಾರಕ್ಕ ಕೊಟ್ಟಾರ. ಅಳಿಯ ಕಾಂತು ಟಂಟಂ ರಿಕ್ಷಾ ಹೊಡಿತಾನ, ಮನ್ಯಾಗ ಎಮ್ಮಿ ಅದಾವ, ಗಡಿಗಿ ಮೊಸರಿನ ವ್ಯಾಪಾರ. ಮಗಳ ಲಗ್ನದಾಗ ರಾಮವ್ವ ಅಡಗಿ ಮನಿ ಬಿಟ್ಟು ಹೊರಗ ಬರಲಿಲ್ಲ. ಮದಲನೇ ಬಸುರಿನ ಕುಬಸಕ್ಕ, ಪ್ಯಾಟಿ ಮಂದಿ ಸೀಮಂತ ಅಂತಾರಲ್ಲ ಅದಕ್ಕ, ಹಸರ ಸೀರಿ, ಹಸರ ಬಳಿ ಒಯ್ದು ನೆರಿಮನಿಯಾಕಿ ಕೈಯಾಗ ಕೊಟ್ಟು, ಹೊರಗ ನಳದ ಕಟ್ಟಿ ಕಡೆ ನಿಂತು ಹಾಡು ಕೇಳಿದ್ಲು. ಮುಂದಿನ ತಿಂಗಳ ಕೂಸು ಹೊಟ್ಟ್ಯಾಗ ಸತ್ತಿತು. ದವಾಖಾನ್ಯಾಗ ಸುಜಾತಾ ಗೋಡಿಕಡೆ ಮುಖಾ ಮಾಡಿ ಮಲಗಿದ್ಲು. ರಾಮವ್ವ ಕಾಟಿನ ಕಾಲಕಡೆ ನಿಂತಿದ್ಲು. ಮಗಳ ತಲಿ ಸವರಲಿಲ್ಲ, ಕೈ ಹಿಡಿಲಿಲ್ಲ. ತನ್ನ ಕೈ ತಾಕಿ ಇದ್ದೊಂದು ಜೀವಾನೂ ಹೋದ್ರ ಅಂತ ಹೆದರಿಕಿ. ಎಂಥಾ ಹೆದರಿಕಿ ನೋಡ್ರಿ, ಹಡದ ತಾಯಿ ಕೈ ಸೆರಗಿನಾಗ ಮುಚ್ಚಿಕೊಂಡು ನಿಂದ್ರೂವಷ್ಟು.

ಈ ವರ್ಷ ಹೋಳಿ ಹುಣ್ಣಿವಿ ಕಳದಮ್ಯಾಲ ಸುಜಾತಾ ಫೋನ್ ಮಾಡಿದ್ಲು.

"ಅವ್ವಾ, ಮತ್ತ ದಿನಾ ನಿಂತಾವ."

ರಾಮವ್ವ "ಹೂಂ" ಅಂದ್ಲು. ಫೋನ್ ಇಟ್ಟು, ಖೋಲಿ ಬಾಗಲ ಹಾಕ್ಕೊಂಡು, ಒಬ್ಬಾಕಿನ ನಕ್ಕು, ಒಬ್ಬಾಕಿನ ಅತ್ತು, ಮಶಿನ್ನಿನ ಮುಂದ ಕುಂತ್ಲು.

ಆವಾಗ ಆಕಿ ಕೈಯಾಗ ಇದ್ದದ್ದು ಜೈತುನಬಿ ಕೆಲಸ. ಜೈತುನಬಿ ಅಂದ್ರ ಪ್ಯಾಟ್ಯಾಗ ಜ್ವಾಳದ ರೊಟ್ಟಿ ಕೇಂದ್ರ ನಡಸಾಕಿ. ಆಕಿ ಕಡೆ ರೊಟ್ಟಿ ಬಡಿಯಾಕ ಬರೂ ಹೆಣ್ಣಮಕ್ಕಳಿಗೆಲ್ಲಾ ಒಂದೊಂದು ಉಡಿ ಹೊಲಿಯಾಕ ಹೇಳಿದ್ಲು. ರೊಟ್ಟಿ ಬಡಿಯಾಕ ಬರಾವರು ಯಾರು? ಗಂಡ ಸತ್ತಾವರು, ಗಂಡ ಬಿಟ್ಟಾವರು, ಇದ್ದೂ ಇಲ್ಲದಂಥಾ ಗಂಡನ್ನ ಕಟ್ಕೊಂಡಾವರು. ರಾಮವ್ವಗ ಎಲ್ಲಾ ಗೊತ್ತಿತ್ತು. ಗೊತ್ತಿದ್ರೂ ಆ ದಿನ ಖುಷಿಯಾಗ ಆಕಿ ಕೈ ಆಕಿ ಮಾತು ಕೇಳಲಿಲ್ಲ. ಕಿರಾಣಿ ಅಂಗಡಿಯಿಂದ ಅಕ್ಕಿ, ಅರಿಷಿಣ ಬೇರು, ಕೊಬ್ಬರಿ, ಉತ್ತತ್ತಿ, ಅಡಕಿ ತಂದು, ಮಗಳ ಹೆಸರು ನೆನಸ್ಕೊಂತ ಎಲ್ಲಾ ಉಡಿಗೂ ತುಂಬಿಬಿಟ್ಲು. ಗಂಟು ಕಟ್ಟಿ ಕಳಿಸಿ, ಚಹಾ ಕುಡದು, ಮಲಗಿದ್ಲು. ಏನ ಮಾಡೇನಿ ಅನ್ನೂ ಅರವು ಆಕಿಗೆ ಇರಲಿಲ್ಲ.

ಮರುದಿನ ಸಂಜಿಮುಂದ ಹುಲಿಗೆವ್ವ ಬಂದ್ಲು. ರೊಟ್ಟಿ ಕೇಂದ್ರದಾಗ ಎಲ್ಲಾರಕಿಂತ ಛಂದ ರೊಟ್ಟಿ ಬಡಿಯಾಕಿ ಈಕೀನ. ಈಕಿ ಗಂಡ ಸತ್ತು ಭಾಳ ವರ್ಷ ಆಗಿತ್ತು. ಹೊಸ ಉಡಿ ತೊಟ್ಟಿದ್ಲು, ಮೈಕೈಗೆಲ್ಲಾ ಹಿಟ್ಟು.

"ರಾಮವ್ವಕ್ಕಾ, ಹೊರಗ ಬಾ."

"ಏನಬೇ, ಪಟ್ಟಿ ಬಿಗಿ ಆತೇನ?"

"ಪಟ್ಟಿ ಸುಡ್ಲಿ. ನಾ ಏನ ಮಾಡಿದ್ನಿ ನಿನಗ? ನನ್ನ ಹಣಿ ನೋಡಿಲ್ಲೇನ ನೀ? ಅಣಕ ಮಾಡಾಕ ನಾನ ಸಿಕ್ನೇನ?"

ರಾಮವ್ವಗ ತಿಳೀಲಿಲ್ಲ. ಹುಲಿಗೆವ್ವ ಆಕಿ ಕೈ ಹಿಡದು ಎಳದು ತನ್ನ ಉಡಿಯಾಗ ತುರುಕಿದ್ಲು. ಬೆರಳಿಗೆ ಅಕ್ಕಿ ತಾಕಿತು, ಅಕ್ಕ್ಯಾಗ ಅರಿಷಿಣ ಬೇರು ತಾಕಿತು.

"ಯವ್ವಾ! ತಪ್ಪಾತಬೇ ನಂದು. ಅಣಕ ಅಲ್ಲ, ನಿನ್ನಾಣಿ ಅಲ್ಲ. ಮಗಳು ಹೊಟ್ಟೀಲೆ ಅದಾಳ. ಖುಷಿಗೆ ನಾ ಎಲ್ಲಿದ್ನಿ, ಏನ ಮಾಡಿದ್ನಿ, ಒಂದೂ ತಿಳೀಲಿಲ್ಲ."

ಹುಲಿಗೆವ್ವನ ಸಿಟ್ಟು ಅಲ್ಲೇ ಇಳೀತು. ಸಿಟ್ಟು ಇಳದಮ್ಯಾಲ ಆಕಿ ಮುಖಾ ನೋಡಾಕ ಆಗಲಿಲ್ಲ.

"ಹಂಗಾರ ನೀನ ತಗಿ" ಅಂದ್ಲು. "ಮುಂಜಾನಿಂದ ತಗೀಬೇಕಂತ ಕೈ ಹಾಕ್ತೇನಿ, ತಗಿಯಾಕ ಆಗವಲ್ದು. ರೊಟ್ಟಿ ಬಡಿಯಾಕ ಬಗ್ಗಿದಾಗೆಲ್ಲಾ ಹೊಟ್ಟಿಗೆ ತಾಕತೈತಿ. ಎಷ್ಟು ವರ್ಷ ಆಗಿತ್ತು ಯಕ್ಕಾ, ನನ್ನ ಉಡಿಯಾಗ ಯಾರರ ಏನರ ಹಾಕಿ. ಚೆಲ್ಲಾಕ ಮನಸ್ಸು ಬರವಲ್ದು, ಇಟ್ಕೊಳ್ಳಾಕ ಹೆದರಿಕಿ ಬರತೈತಿ. ಹಾಕಿದಾಕಿ ನೀ, ನೀನ ತಗದು ಒಗಿ."

ರಾಮವ್ವನ ಕೈ ಇನ್ನೂ ಆ ಉಡಿಯಾಗ ಇತ್ತು. ಮುಚ್ಚಿದ್ರ ಮುಷ್ಟಿಯಾಗ ಎಲ್ಲಾ ಬರ್ತಿತ್ತು. ಮುಚ್ಚಲಿಲ್ಲ. ಬರಿಗೈ ಹೊರಗ ತಗದು, "ನನ್ನ ಕೈಲೂ ಆಗೂದಿಲ್ಲಬೇ" ಅಂದ್ಲು. ಇಬ್ರೂ ಬಾಗಲ ಮುಂದಿನ ಕಲ್ಲಿನ ಮ್ಯಾಲ ಕುಂತ್ರು. ಯಾವಾಗ ಅಳಾಕ ಹತ್ತಿದ್ರು, ಯಾರು ಮದಲ ಹತ್ತಿದ್ರು, ಓಣಿಯಾವರಿಗೂ ಗೊತ್ತಾಗಲಿಲ್ಲ. ಕಡೀಕ ಹುಲಿಗೆವ್ವ ಮೂಗು ಒರಸ್ಕೊಂಡು, ಉಡಿ ಬಾಯಿ ಕೈಲೆ ಮುಚ್ಕೊಂಡು, ಅರಿಷಿಣ ಬೇರಿನ ಸಮೇತ ಮನಿಗೆ ಹ್ವಾದ್ಲು. ಆಕಿ ಹ್ವಾದಮ್ಯಾಲ ರಾಮವ್ವಗ ಬಂದದ್ದು ಏನು ಅಂದ್ರ ಹೊಟ್ಟಿಕಿಚ್ಚು. ಆಕಿಗೆ ತುಂಬಾಕ ತಾನರ ಇದ್ದೆ, ತನಗ ಯಾರದಾರ ಅಂತ. ಇಷ್ಟು ವರ್ಷದಾಗ ಆಕಿ ಹಂಗ ಅಂದ್ಕೊಂಡಿದ್ದು ಇದ ಮದಲು.

ಇಂಥಾ ಸುದ್ದಿ ನಿಂದ್ರತಾವೇನ? ರೊಟ್ಟಿ ಕೇಂದ್ರದಾಗ ಕೊಲ್ಹಾರದ ಕಡೇದಾಕಿ ಒಬ್ಬಾಕಿ ಇದ್ಲು. ಸುದ್ದಿ ಬೀಗತಿ ರೇವವ್ವನ ಕಿವಿಗೆ ಬಿತ್ತು. ರೇವವ್ವ ಅಂದ್ರ ಕಾಂತುನ ತಾಯಿ, ಸುಜಾತಾನ ಅತ್ತಿ.

"ರಾಮವ್ವಾರ, ಕೇಳಿದ್ದು ಖರೇನ್ರಿ?" ಅಂತ ಫೋನ್ ಮಾಡಿದ್ಲು.

"ಖರೇರಿ. ತಪ್ಪಿ ಆಗೇತ್ರಿ."

"ಒಮ್ಮೆ ಹೊಟ್ಟಿ ಉರಕೊಂಡೇವ್ರಿ. ಇನ್ನೊಮ್ಮೆ ತಾಳಾಕ ನನ್ನ ಕೈಲೆ ಆಗೂದಿಲ್ಲ. ಕುಬಸಕ್ಕ ಬರ್ರಿ, ಮಗಳನ್ನ ಕಣ್ಣತುಂಬ ನೋಡ್ರಿ, ಉಣ್ರಿ. ಉಡಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ. ನಿಮ್ಮ ಕಾಲ ಬೀಳ್ತೇನ್ರಿ."

"ಹಚ್ಚೂದಿಲ್ರಿ. ಹ್ವಾದ ಸಲಾನೂ ಹಚ್ಚಿಲ್ರಿ."

ರೇವವ್ವ ಕೆಟ್ಟಾಕಿ ಅಂತ ತಿಳ್ಕೋಬ್ಯಾಡ್ರಿ. ಸತ್ತು ಹುಟ್ಟಿದ ಕೂಸನ್ನ ತನ್ನ ಸೀರಿ ಹರದು ಸುತ್ತಿ, ಎತ್ಕೊಂಡು ಹೋಗಿ ಮಣ್ಣ ಮಾಡಿಸಿದಾಕಿ ಆಕೀನ. ಹೆದರಿಕಿ ಇಬ್ರಿಗೂ ಒಂದ ಇತ್ತು. ಹೆದರಿದ ಮನಿಶ್ಯಾಗ ಯಾರನ್ನರ ದೂರ ಇಡಬೇಕು ಅನಸ್ತೈತಿ, ಇಲ್ಲಿ ದೂರ ನಿಂದ್ರಾಕ ತಯಾರಾಗಿ ರಾಮವ್ವ ಇದ್ದ ಇದ್ಲು.

ಸುಜಾತಾಗ ಒಂದು ಉಡಿ ಹೊಲಿಯೂದಿತ್ತು. ಮೊಸರಿನ ಕೆಲಸಕ್ಕ ಬೇಕು, ಹೊಟ್ಟಿ ಬೆಳದಂಗೆಲ್ಲಾ ಸಡ್ಲ ಮಾಡ್ಕೊಳ್ಳಾಕ ಬರಬೇಕು ಅಂತ ಆಕೀನ ಕೇಳಿದ್ಲು. ರಾಮವ್ವ ಅಂಥಾದ್ದು ಹಿಂದ ಯಾವತ್ತೂ ಹೊಲದಿರಲಿಲ್ಲ, ಮುಂದೂ ಹೊಲಿಯೂದಿಲ್ಲೇನೋ. ಎರಡೂ ಬಗಲಿಗೆ ಲಾಡಿ, ಲಾಡಿ ಬಿಚ್ಚಿದ್ರ ಒಳಗ ಮಡಚಿಟ್ಟ ಬಟ್ಟಿ ಬಿಚ್ಕೊಂತ ಹೋಗೂಹಂಗ. ತನ್ನ ಲಗ್ನದ ಇಳಕಲ್ಲ ಸೀರೀನ ಕತ್ತರಿಸಿದ್ಲು. ಕೆಂಪು ದಡಿ, ಕೆಂಪು ಸೆರಗು, ಗಂಡ ಸತ್ತಮ್ಯಾಲ ಉಡದ ಸೀರಿ ಅದು. ಅಳಿಯ ಸಿಂದಗಿ ಸಂತಿಗೆ ಬಂದಾಗ ಮಡಚಿ ಅಂವನ ಕೈಯಾಗ ಕೊಟ್ಲು. ಕೊಡೂದ್ರಕಿಂತ ಮದಲು ಜ್ವಾಳದ ಡಬ್ಬಿ ತಗದ್ಲು, ಮುಚ್ಚಿದ್ಲು. ಮತ್ತ ತಗದ್ಲು. ರೇವವ್ವನ ಮಾತು ಕಿವಿಯಾಗ ಇತ್ತು. ಜ್ವಾಳಾನೂ ಹಾಕಲಿಲ್ಲ, ಬೆಲ್ಲಾನೂ ಹಾಕಲಿಲ್ಲ. ಊರ ಮಂದಿಗೆಲ್ಲಾ ತುಂಬಿ ಕೊಟ್ಟಾಕಿ ಹೊಟ್ಟೀಲೆ ಹುಟ್ಟಿದ ಮಗಳಿಗೆ ಬರಿದು ಕಳಿಸಿದ್ಲು.

ಸಂಜೀಕ ಫೋನ್ ಬಂತು.

"ಅವ್ವಾ, ಉಡಿ ಬರಿದ ಐತಿ."

"ಗಡಿಬಿಡ್ಯಾಗ ಮರತೆಬೇ."

"ನೀ ಮರತಿಲ್ಲ" ಅಂದ್ಲು ಸುಜಾತಾ, ಫೋನ್ ಇಟ್ಲು.

ಕುಬಸದ ದಿನ ರಾಮವ್ವ ಹೊತ್ತು ಹುಟ್ಟೂದಕ್ಕ ಬಸ್ ಹತ್ತಿದ್ಲು. ಬಾಗೇವಾಡ್ಯಾಗ ಇಳದು ಬ್ಯಾರೆ ಬಸ್ ಹಿಡದು ಕೊಲ್ಹಾರ ಮುಟ್ಟಿದ್ಲು. ಹಸರ ಸೀರಿ ಗಂಟು ತೊಡಿ ಮ್ಯಾಲ, ಜೈತುನಬಿ ಕೊಟ್ಟು ಕಳಿಸಿದ ರೊಟ್ಟಿ ಬುಟ್ಟಿ ಕಾಲಕಡೆ. ಹ್ವಾದಕೂಡಲೆ ಸೀರಿ ರೇವವ್ವನ ಮುಂದ ಇಟ್ಟು, ಯಾರೂ ಹೇಳೂಕಿಂತ ಮದಲ ಅಡಗಿ ಮನಿ ಸೇರಿ, ತನ್ನ ಹಳೇ ಉಡಿ ತೊಟ್ಟು ಹೋಳಿಗಿ ಲಟ್ಟಿಸಾಕ ಕುಂತ್ಲು. ಹೊಳಿ ನೀರಾಗ ಹಳೇ ಊರು ಮುಳುಗಿದಮ್ಯಾಲ ಕಟ್ಟಿಕೊಂಡ ಮನಿ ಅದು, ಅಡಗಿ ಮನಿ ಪಡಸಾಲಿಗೆ ಹತ್ತಿಕೊಂಡೇ ಐತಿ. ಒಳಗ ಕುಂತ್ರೂ ಎಲ್ಲಾ ಕೇಳಸ್ತೈತಿ. ಮಗಳನ್ನ ಮಣಿ ಮ್ಯಾಲ ಕುಂಡ್ರಿಸಿದ್ದು ಕೇಳ್ತು. ಬಳಿ ಸಪ್ಪಳ ಕೇಳ್ತು. ಮುತ್ತೈದ್ಯಾರು ಒಬ್ಬೊಬ್ರ ಎದ್ದು ಉಡಿ ತುಂಬೂದು, ಹಾಡೂದು, ಒಬ್ಬಾಕಿ ಚಾಷ್ಟಿ ಮಾಡಿದ್ದಕ್ಕ ಎಲ್ಲಾರೂ ನಕ್ಕದ್ದು, ಎಲ್ಲಾ ಕೇಳ್ತು. ರಾಮವ್ವ ತಲಿ ಎತ್ತಲಿಲ್ಲ. ಒಂದು ಹೋಳಿಗಿ ಹಂಚಿನ ಮ್ಯಾಲ ಕರ್ರಗಾತು.

ಹಾಡು ನಿಂತಿತು. ಬಾಗಲದಾಗ ನೆಳ್ಳು ಬಿತ್ತು. ನೋಡಿದ್ರ ಸುಜಾತಾ. ಹಸರ ಸೀರಿ ಮ್ಯಾಲ ಅವ್ವ ಹೊಲದ ಉಡಿ ಕಟ್ಕೊಂಡು ನಿಂತಾಳ. ಲಾಡಿ ಪೂರಾ ಸಡ್ಲ ಬಿಟ್ಟಾಳ. ಆಕಿ ಹಿಂದ ರೇವವ್ವ, ಕೈಯಾಗ ಅಕ್ಕಿ ಅರಿಷಿಣದ ತಾಟು ಹಂಗ ಐತಿ. ಅವರ ಹಿಂದ ಬಂದ ಹೆಣ್ಣಮಕ್ಕಳೆಲ್ಲಾ.

"ಅವ್ವಾ, ಇದು ಬರಿದ ಐತಿ."

"ಹೊರಗ ಅಷ್ಟು ಮಂದಿ ತುಂಬಿದ್ರಲ್ಲಬೇ."

"ಅವರು ಸೆರಗು ತುಂಬ್ಯಾರ. ಇದು ನೀ ಹೊಲದದ್ದು, ನೀ ತುಂಬು."

"ಹುಚ್ಚೀ, ಹೋಗು, ಮಣಿ ಮ್ಯಾಲ ಕುಂಡ್ರು. ನಿಮ್ಮತ್ತಿ ನಿಂತಾರ ನೋಡು."

"ನಿಂದ್ರಲಿ, ಕೇಳ್ಲಿ. ಹ್ವಾದ ಸಲ ನೀ ನಳದ ಕಡೆ ನಿಂತಿದ್ದಿ. ಉಳೀತೇನ ಕೂಸು?"

ರಾಮವ್ವ ಲಟ್ಟಣಿಗಿ ಕೆಳಗಿಟ್ಲು.

"ದವಾಖಾನ್ಯಾಗ ನಾ ಹೊಳ್ಳಿ ನೋಡಿದೆ, ನೀ ಕಾಲಕಡೆ ನಿಂತಿದ್ದಿ, ಕೈ ಸೆರಗಿನಾಗ ಮುಚ್ಕೊಂಡು. ಕೂಸಿಗೆ ಅತ್ತೆ, ಅತ್ತು ಮುಗೀತು. ನೀ ಕೈ ಕೊಡಲಿಲ್ಲಲ್ಲ ಅವ್ವಾ, ಅದಕ್ಕ ಇನ್ನೂ ಅಳ್ತೇನಿ."

ರಾಮವ್ವ ಎದ್ದು ನಿಂತ್ಲು.

"ಏನರ ಆದ್ರ? ಈ ಕೈ ಹಚ್ಚಿದಮ್ಯಾಲ ಏನರ ಆದ್ರ ನಾ ಹೆಂಗ ಬದುಕ್ಲಿ, ಹೇಳು."

"ಆದ್ರ ಇಬ್ರೂ ಕೂಡಿ ಅಳೂಣು. ಈ ಸಲ ನಾ ಒಬ್ಬಾಕಿ ಅಳಾಕಿ ಅಲ್ಲ."

ರಾಮವ್ವ ರೇವವ್ವನ ಮುಖಾ ನೋಡಿದ್ಲು. ಮಾತು ಕೊಟ್ಟಿದ್ದು ಆಕಿಗೆ. ರೇವವ್ವ ಕೈಯಾಗಿನ ತಾಟು ಒಲಿ ಕಟ್ಟಿ ಮ್ಯಾಲ ಇಟ್ಟು, ಗೋಡಿಕಡೆ ಮುಖಾ ತಿರುವಿ ನಿಂತ್ಲು.

ರಾಮವ್ವ ಕೈಗೆ ಹತ್ತಿದ ಹಿಟ್ಟು ಒರಸ್ಕೊಂಡ್ಲು. ಎರಡೂ ಕೈಲೆ ಅಕ್ಕಿ ತುಂಬ್ಕೊಂಡ್ಲು. ಮಗಳು ಉಡಿ ಬಾಯಿ ಹಿಗ್ಗಿಸಿ ಹಿಡದ್ಲು. ಅಕ್ಕಿ ಬಿತ್ತು, ಅರಿಷಿಣ ಬೇರು ಬಿತ್ತು, ಕೊಬ್ಬರಿ ಬಿತ್ತು, ಉತ್ತತ್ತಿ ಬಿತ್ತು, ಅಡಕಿ ಬಿತ್ತು. ಕೈ ಹೊರಗ ತಗಿಯಾಕ ರಾಮವ್ವ ಅವಸರ ಮಾಡಲಿಲ್ಲ. ಬಟ್ಟಿ ಆಚೆ ಮಗಳ ಹೊಟ್ಟಿ ಬೆಚ್ಚಗಿತ್ತು. ಆ ಬೆಚ್ಚಗಿನ ಹೊಟ್ಟಿ ಮ್ಯಾಲ ಆಕಿ ಕೈ ಇಟ್ಟಿದ್ದು ಅವತ್ತ ಮದಲು.

ಸುಜಾತಾ ಬಗ್ಗಾಕ ಆಗದಿದ್ರೂ ಬಗ್ಗಿ ಅವ್ವನ ಕಾಲ ಮುಟ್ಟಿದ್ಲು. ಉಡಿ ತುಂಬಿದಾಕಿ ಹರಸಬೇಕು. ಮುತ್ತೈದ್ಯಾಗಿ ಬಾಳು ಅಂತ ಎಲ್ಲಾರೂ ಅನ್ನೂ ಮಾತನ್ನ ರಾಮವ್ವ ಅನ್ನಲಿಲ್ಲ. ಮಗಳ ತಲಿ ಮ್ಯಾಲ ಕೈ ಇಟ್ಟು, ಬಾಯಿಗೆ ಬಂದದ್ದು ಅಂದ್ಲು:

"ಬದುಕ್ರೆವಾ. ಇಬ್ರೂ ಬದುಕ್ರಿ."

ಗೋಡಿಕಡೆ ನಿಂತ ರೇವವ್ವ ಮುಖಾ ತಿರುಗಿಸಲಿಲ್ಲ. ಹಂಗ ನಿಂತು, ಅಳುವ ದನ್ಯಾಗ ಅಂದ್ಲು:

"ಇನ್ನೊಮ್ಮೆ ಅನ್ನಬೇ, ರಾಮವ್ವಾ. ಇನ್ನೊಮ್ಮೆ ಅನ್ನು."

ರಾಮವ್ವ ಇನ್ನೊಮ್ಮೆ ಅಂದ್ಲು.